ಗಲ್ಲಾಪೆಟ್ಟಿಗೆಯ ಪಾರುಪತ್ಯ

ದೀಪಾವಳಿಯ ಅಮಾವಾಸ್ಯೆಯ ಸಾಯಂಕಾಲ ನಮ್ಮ ಊರುಗಳ ಅಂಗಡಿಬೀದಿಗಳಲ್ಲಿ ಲಕ್ಷ್ಮೀಪೂಜೆ ನಡೆಯುವ ಸಂಭ್ರಮವನ್ನು ಎಲ್ಲರೂ ಬಲ್ಲರು. ಬಾಗಿಲಿಗೆ ಮಾವಿನ ತೋರಣ, ತಕ್ಕಡಿಗೆ ಅರಿಶಿನ ಕುಂಕುಮ, ಗಲ್ಲಾಪೆಟ್ಟಿಗೆಗೆ ಹೂವಿನ ಮಾಲೆ. ಅದರ ಮುಂದೆ ಮಣೆಯ ಮೇಲೆ ಹೊಸ ಲೆಕ್ಕದ ಪುಸ್ತಕ. ಪುಸ್ತಕದ ಮೊದಲನೆಯ ಪುಟದಲ್ಲಿ ಕುಂಕುಮದ ಶ್ರೀಕಾರ. ಪೌರೋಹಿತ್ಯ ಮಾಡುತ್ತಿದ್ದ ನಮ್ಮ ತೀರ್ಥರೂಪರೊಡನೆ ಪೂಜಾಸಾಮಗ್ರಿಯ ಚೀಲವನ್ನು ಹಿಡಿದುಕೊಂಡು ಬಾಲ್ಯದಲ್ಲಿ ನಾನು ಅನೇಕ ಅಂಗಡಿಗಳಿಗೆ ಹೋಗುತ್ತಿದ್ದೆನು. ಆ ದಿನಗಳಲ್ಲಿ ಕಂಡ ಒಂದು ಸಂಗತಿಯು ಇಂದಿಗೂ ನನ್ನ ಮನಸ್ಸಿನಿಂದ ದೂರವಾಗಿಲ್ಲ. ಅದನ್ನೇ ನಿಮಿತ್ತವಾಗಿಟ್ಟುಕೊಂಡು ಸಣ್ಣ ವ್ಯಾಪಾರ ಮಾಡುವ ಗೃಹಸ್ಥರಿಗೆ ಸಂಬಂಧಿಸಿದ ಒಂದು ಧರ್ಮವಿಚಾರವನ್ನು ಇಲ್ಲಿ ಪ್ರಸ್ತಾಪಿಸಬಯಸುತ್ತೇನೆ.

ನಮ್ಮ ಬೀದಿಯಲ್ಲಿ ಒಬ್ಬ ಸಜ್ಜನರ ಕಿರಾಣಿ ಅಂಗಡಿಯಿತ್ತು. ಪ್ರತಿವರ್ಷವೂ ಅವರು ಹಳೆಯ ಲೆಕ್ಕದ ಪುಸ್ತಕವನ್ನು ಕೆಳಗಿಟ್ಟು ಅದರ ಮೇಲೆ ಹೊಸದನ್ನು ಇಡುತ್ತಿದ್ದರು. ಒಂದು ವರ್ಷ ಅವುಗಳನ್ನು ಜೋಡಿಸುವಾಗ ಹಳೆಯ ಪುಸ್ತಕವು ನನ್ನ ಕೈಯಲ್ಲಿ ತೆರೆದುಕೊಂಡಿತು. ಶ್ರೀಕಾರದ ಪುಟದ ನಂತರ ಹತ್ತು ಹನ್ನೆರಡು ದಿನಗಳ ಲೆಕ್ಕವಿತ್ತು. ಅಲ್ಲಿಂದ ಮುಂದೆ ಪುಸ್ತಕವೆಲ್ಲ ಬರಿದಾಗಿತ್ತು. ಮರುವರ್ಷ ಕುತೂಹಲದಿಂದ ನಾನೇ ತೆರೆದು ನೋಡಿದೆನು, ಅದೇ ಸ್ಥಿತಿ. ದಾರಿಯಲ್ಲಿ ಬರುತ್ತ ತೀರ್ಥರೂಪರಿಗೆ ಇದನ್ನು ತಿಳಿಸಿದಾಗ, "ಅದು ಅವರ ವ್ಯವಹಾರ. ಪೂಜೆಗೆ ಹೋದವರು ಅವರ ಪುಸ್ತಕವನ್ನು ತೆರೆದು ನೋಡಬಾರದು" ಎಂದು ಗದರಿಸಿದರು. ನಾನು ಸುಮ್ಮನಾದೆನು.

ಕೆಲವು ವರ್ಷಗಳ ನಂತರ ಆ ಅಂಗಡಿ ಮುಚ್ಚಿತು. ಸಗಟು ವ್ಯಾಪಾರಿಗಳಿಗೆ ಕೊಡಬೇಕಾದ ಬಾಕಿಗಾಗಿ ಅವರು ಮನೆಯಾಕೆಯ ಒಡವೆಗಳನ್ನು ಮಾರಬೇಕಾಯಿತು. ಅನಂತರ ಒಂದು ಸಂಜೆ ಅವರು ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತು, "ಆಚಾರ್ಯರೆ, ಹದಿನೆಂಟು ವರ್ಷ ಒಂದು ದೀಪಾವಳಿಯನ್ನೂ ತಪ್ಪಿಸದೆ ನಿಮ್ಮ ಕೈಯಿಂದಲೇ ಪೂಜೆ ಮಾಡಿಸಿದೆ. ಏಕಾದಶಿಯನ್ನು ಬಿಟ್ಟವನಲ್ಲ. ತೂಕದಲ್ಲಿ ಮೋಸ ಮಾಡಿದವನಲ್ಲ. ಜೂಜಿಲ್ಲ, ದುಶ್ಚಟವಿಲ್ಲ. ಹೀಗಿದ್ದೂ ನನಗೇ ಹೀಗೇಕೆ ಆಗಬೇಕು?" ಎಂದು ಕೇಳಿದರು. ತೀರ್ಥರೂಪರು ಉತ್ತರ ಕೊಡಲಿಲ್ಲ. ಅವರಿಗೆ ಕಾಫಿ ಕೊಡಿಸಿ ಬೀದಿಯ ಕೊನೆಯವರೆಗೂ ಹೋಗಿ ಕಳುಹಿಸಿ ಬಂದರು. ಆ ರಾತ್ರಿ ನನ್ನನ್ನು ಕರೆದು, "ಅವರ ಪುಸ್ತಕಕ್ಕೆ ಹದಿನೆಂಟು ಸಲ ಪೂಜೆ ಮಾಡಿದೆ. ಪುಸ್ತಕ ಬರೆಯಿರಿ ಎಂದು ಒಂದು ಸಲವೂ ಹೇಳಲಿಲ್ಲ. ನೀನು ಕಂಡದ್ದನ್ನು ಹೇಳಿದಾಗಲೂ ನಿನ್ನ ಬಾಯಿ ಮುಚ್ಚಿಸಿದೆ. ಆ ನಷ್ಟದಲ್ಲಿ ನನ್ನ ಪಾಲೂ ಇದೆಯಪ್ಪಾ" ಎಂದರು.

ಆ ಅಂಗಡಿಯವರ ಪ್ರಶ್ನೆಗೆ ಲೋಕದಲ್ಲಿ ಎರಡು ಬಗೆಯ ಉತ್ತರಗಳು ಸಿದ್ಧವಾಗಿವೆ. ಎಲ್ಲವೂ ಪ್ರಾರಬ್ಧ, ಬರುವುದು ಬಂದೇ ತೀರುವುದು, ಮನುಷ್ಯನ ಕೈಯಲ್ಲಿ ಏನಿದೆ ಎಂಬುದು ಒಂದು. ಎಲ್ಲವೂ ನಿನ್ನ ಕೈಯಲ್ಲಿಯೇ ಇದೆ, ಬೆಳಗಿನ ಜಾವ ಏಳು, ಛಲ ಹಿಡಿ, ಗೆದ್ದೇ ಗೆಲ್ಲುವೆ ಎಂಬುದು ಇನ್ನೊಂದು. ವ್ಯಾಪಾರದಲ್ಲಿ ಯಶಸ್ಸಿನ ಗುಟ್ಟುಗಳನ್ನು ಹೇಳುವ ಪುಸ್ತಕಗಳಲ್ಲಿಯೂ ಭಾಷಣಗಳಲ್ಲಿಯೂ ಇಂದು ಹೆಚ್ಚಾಗಿ ಕೇಳಿಬರುವುದು ಇದೇ. ನಮ್ಮ ಸಿದ್ಧಾಂತವು ಈ ಎರಡನ್ನೂ ಒಪ್ಪುವುದಿಲ್ಲ. ಜೀವನು ನಿಜವಾಗಿಯೂ ಕರ್ತೃ. ಆದರೆ ಸ್ವತಂತ್ರ ಕರ್ತೃವಲ್ಲ. ಸ್ವಾತಂತ್ರ್ಯವು ಶ್ರೀಹರಿಯೊಬ್ಬನದೇ. ಜೀವನ ಕರ್ತೃತ್ವವು ಅವನ ಅಧೀನವಾದುದು. ಕರ್ತೃತ್ವವು ನಿಜವಾದುದರಿಂದಲೇ ಶಾಸ್ತ್ರವು ನಮಗೆ ಇದನ್ನು ಮಾಡು, ಇದನ್ನು ಮಾಡಬೇಡ ಎಂದು ವಿಧಿಸುತ್ತದೆ. ಆದುದರಿಂದ ಲೆಕ್ಕ ಬರೆಯದವನು ಅಂಗಡಿ ಮುಚ್ಚಿದಾಗ ದೈವವನ್ನು ದೂರುವಂತಿಲ್ಲ. ಅಂಗಡಿಯನ್ನು ಬೆಳೆಸಿದವನು ಎಲ್ಲವೂ ನನ್ನಿಂದಲೇ ಆಯಿತೆಂದು ಮೀಸೆ ತಿರುವುವಂತೆಯೂ ಇಲ್ಲ.

ಹಾಗಾದರೆ ಆ ಸಜ್ಜನರ ದೋಷವೆಲ್ಲಿತ್ತು? ಅದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. ಒಬ್ಬನ ಅಂಗಡಿಯಲ್ಲಿ ದಿನಕ್ಕೆ 8,000 ರೂಪಾಯಿಗಳ ವ್ಯಾಪಾರವಾಗುತ್ತದೆಯೆಂದು ಇಟ್ಟುಕೊಳ್ಳೋಣ. ಆ ಸರಕಿನ ಅಸಲು 6,000 ರೂಪಾಯಿ. ಬಾಡಿಗೆ, ವಿದ್ಯುತ್ತು, ಹುಡುಗನ ಸಂಬಳ, ಇಲಿ ಹುಳುಗಳಿಂದ ಹಾಳಾದ ಸರಕು ಇವೆಲ್ಲ ಸೇರಿ ದಿನಕ್ಕೆ 1,300 ರೂಪಾಯಿ. ಅವನಿಗೆ ಉಳಿಯುವುದು 700 ರೂಪಾಯಿ ಮಾತ್ರ. ಆದರೆ ರಾತ್ರಿ ಬಾಗಿಲು ಹಾಕುವಾಗ ಅವನ ಕಣ್ಣಿಗೆ ಬೀಳುವುದು 8,000 ರೂಪಾಯಿ. ಲೆಕ್ಕ ಬರೆದವನು ತಾನು 700 ರೂಪಾಯಿಯವನೆಂದು ಅರಿತಿರುತ್ತಾನೆ. ಬರೆಯದವನು ತಾನು 8,000 ರೂಪಾಯಿಯವನೆಂದು ಭಾವಿಸುತ್ತಾನೆ. ಮಗನ ಶಾಲೆಯ ಶುಲ್ಕವೆಂದು ಒಂದು ದಿನ, ಬಂಧುಗಳ ಮನೆಯ ಮದುವೆಯ ಉಡುಗೊರೆಯೆಂದು ಒಂದು ದಿನ, ಯಾತ್ರೆಯೆಂದು ಇನ್ನೊಂದು ದಿನ ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಾನೆ. ಅವೆಲ್ಲವೂ ಸತ್ಕಾರ್ಯಗಳೇ. ಆದರೆ ಹೋದದ್ದು ಲಾಭವಲ್ಲ, ಬಂಡವಾಳ. ಅದಕ್ಕಿಂತ ಹೆಚ್ಚಾಗಿ, ಸಗಟು ವ್ಯಾಪಾರಿಗೆ ಮರುದಿನ ಕೊಡಬೇಕಾಗಿದ್ದ ಹಣ. ನಮ್ಮ ಬೀದಿಯ ಸಜ್ಜನರು ಗಿರಾಕಿಗೆ ಒಂದು ಗುಲಗಂಜಿ ತೂಕದ ಮೋಸವನ್ನೂ ಮಾಡಲಿಲ್ಲ. ತಮಗೆ ಅರಿವಿಲ್ಲದೆಯೇ ಸರಕು ಕೊಟ್ಟವನ ಹಣದಿಂದ ಸಂಸಾರ ನಡೆಸಿದರು. ಇದು ಕಳ್ಳತನವಲ್ಲ, ಆದರೆ ಫಲವು ಬಹುಮಟ್ಟಿಗೆ ಅದೇ ಆಯಿತು.

ಇಲ್ಲಿ ಶ್ರೀಪುರಂದರದಾಸರ ಪೂರ್ವಾಶ್ರಮದ ಕಥೆಯು ನೆನಪಿಗೆ ಬರುತ್ತದೆ. ಶ್ರೀವ್ಯಾಸರಾಯರಿಂದ ದಾಸದೀಕ್ಷೆಯನ್ನು ಪಡೆಯುವ ಮುನ್ನ ಅವರು ಶ್ರೀನಿವಾಸ ನಾಯಕರೆಂಬ ದೊಡ್ಡ ವರ್ತಕರಾಗಿದ್ದರೆಂದೂ, ಮಗನ ಉಪನಯನಕ್ಕೆಂದು ಬೇಡಲು ಬಂದ ಬಡ ಬ್ರಾಹ್ಮಣನನ್ನು ಹಲವು ಸಲ ಹಿಂದಕ್ಕೆ ಕಳುಹಿಸಿದರೆಂದೂ, ಅವನಿಗೆ ಮಡದಿ ಸರಸ್ವತೀಬಾಯಿಯವರು ಕೊಟ್ಟ ಮೂಗುತಿಯು ನಾಯಕರ ಅಂಗಡಿಗೇ ಬಂದು, ಭದ್ರವಾಗಿಟ್ಟ ಪೆಟ್ಟಿಗೆಯಿಂದ ಮಾಯವಾಯಿತೆಂದೂ ಸಂಪ್ರದಾಯದಲ್ಲಿ ಹೇಳುತ್ತಾರೆ. ಈ ಕಥೆಯನ್ನು ಕೇಳಿದ ನಮ್ಮಲ್ಲಿ ಕೆಲವರು, ವ್ಯಾಪಾರವೇ ಹೀನವಾದುದು, ಹಣದ ಲೆಕ್ಕವಿಡುವುದು ಲೋಭದ ಲಕ್ಷಣ ಎಂದು ತಿಳಿದುಬಿಡುತ್ತಾರೆ. ಇದು ಸರಿಯಲ್ಲ. ನಾಯಕರ ಲೆಕ್ಕದಲ್ಲಿ ದೋಷವಿರಲಿಲ್ಲ. ಪೆಟ್ಟಿಗೆಯಲ್ಲಿದ್ದುದು ತನ್ನದೆಂಬ ಭಾವನೆಯಲ್ಲಿ ದೋಷವಿದ್ದಿತು. ನನ್ನದೆಂದು ತಿಳಿದು ಮುಷ್ಟಿ ಬಿಗಿದವನು ಲೋಭಿಯಾಗುತ್ತಾನೆ. ನನ್ನದೆಂದು ತಿಳಿದು ಮುಷ್ಟಿ ಬಿಚ್ಚಿದವನು ದಿವಾಳಿಯಾಗುತ್ತಾನೆ. ಇಬ್ಬರ ರೋಗದ ಮೂಲವೂ ಒಂದೇ.

ಹಾಗಾದರೆ ಪೆಟ್ಟಿಗೆಯಲ್ಲಿರುವುದು ಯಾರದು? ನಮ್ಮ ಮಠ ಮಂದಿರಗಳಲ್ಲಿ ಪಾರುಪತ್ಯಗಾರರೆಂಬವರು ಇರುತ್ತಾರೆ. ಅಕ್ಕಿ ಬೇಳೆಯ ಉಗ್ರಾಣದಿಂದ ಹಿಡಿದು ಹುಂಡಿಯ ಕಾಣಿಕೆಯವರೆಗೆ ಎಲ್ಲವೂ ಅವರ ಕೈಯ ಮೇಲೆಯೇ ನಡೆಯುತ್ತದೆ. ಆದರೆ ಸ್ವಂತ ಮನೆಯಲ್ಲಿ ಅಕ್ಕಿ ಮುಗಿದರೆ ಅವರು ದೇವರ ಉಗ್ರಾಣದಿಂದ ಒಂದು ಸೇರನ್ನೂ ತೆಗೆಯುವಂತಿಲ್ಲ. ಅವರಿಗೆ ಗೊತ್ತುಮಾಡಿದ ಸಂಭಾವನೆ ಎಷ್ಟೋ ಅಷ್ಟೇ ಅವರದು. ಅಂಗಡಿಯ ಯಜಮಾನನೂ ತನ್ನ ಗಲ್ಲಾಪೆಟ್ಟಿಗೆಗೆ ಇಂಥ ಪಾರುಪತ್ಯಗಾರನೇ ಹೊರತು ಬೇರಲ್ಲ. ಪರಮಾರ್ಥದಲ್ಲಿ ಎಲ್ಲವೂ ಶ್ರೀಹರಿಯದೆಂಬುದು ನಮಗೆ ತಿಳಿದೇ ಇದೆ. ವ್ಯವಹಾರದಲ್ಲಿಯೂ ಆ ಪೆಟ್ಟಿಗೆಯೊಳಗೆ ಹಾಲಿನವನ ಪಾಲು, ಸಗಟು ವ್ಯಾಪಾರಿಯ ಪಾಲು, ಕೆಲಸದವನ ಪಾಲು, ಸರ್ಕಾರದ ಪಾಲು ಎಲ್ಲವೂ ಬೆರೆತಿರುತ್ತವೆ. ಅವರವರದನ್ನು ಅವರವರಿಗೆ ಮುಟ್ಟಿಸಿದ ಮೇಲೆ ಉಳಿದುದು ತನ್ನದು. ಸಣ್ಣ ವ್ಯಾಪಾರವನ್ನು ನಿಲ್ಲಿಸುವ ಒಳ್ಳೆಯ ಅಭ್ಯಾಸಗಳೆಲ್ಲವೂ ಈ ಒಂದು ಭಾವನೆಯಿಂದಲೇ ಹುಟ್ಟತಕ್ಕವು. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು, ಆ ದಿನದ ಲೆಕ್ಕವನ್ನು ಆ ದಿನವೇ ಬರೆಯುವುದು. ಸಂಧ್ಯಾವಂದನೆಯನ್ನು ವಾರಕ್ಕೊಮ್ಮೆ ಏಳು ದಿನದ್ದನ್ನು ಸೇರಿಸಿ ಮಾಡುವಂತಿಲ್ಲ, ಹಾಗೆಯೇ ಇದು. ರಾತ್ರಿ ಬಾಗಿಲು ಹಾಕುವ ಮುನ್ನ ಕಾಲು ಗಂಟೆ ಸಾಕು. ಬಂದದ್ದೆಷ್ಟು, ಹೋದದ್ದೆಷ್ಟು, ಉದ್ರಿಯೆಷ್ಟು, ಪೆಟ್ಟಿಗೆಯಲ್ಲಿರುವುದೆಷ್ಟು ಎಂಬ ನಾಲ್ಕು ಅಂಕಿಗಳನ್ನು ಬರೆದು, ಬರಹದ ಹಣಕ್ಕೂ ಕೈಯಲ್ಲಿರುವ ಹಣಕ್ಕೂ ತಾಳೆ ನೋಡಬೇಕು. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಅಂದೇ ಹುಡುಕಿದರೆ ಸಿಕ್ಕುತ್ತದೆ. ತಿಂಗಳ ನಂತರ ಸಿಕ್ಕದು.

ಎರಡನೆಯದು, ಅಂಗಡಿಯ ಹಣವನ್ನೂ ಮನೆಯ ಹಣವನ್ನೂ ಬೇರೆಬೇರೆಯಾಗಿ ಇಡುವುದು. ಯಜಮಾನನು ತನಗೆ ತಿಂಗಳಿಗೆ ಇಷ್ಟೆಂದು ಸಂಬಳವನ್ನು ನಿಗದಿಮಾಡಿಕೊಂಡು, ಅದನ್ನು ಮಾತ್ರ ಮನೆಗೆ ಒಯ್ಯಬೇಕು. ಅಂಗಡಿಯಲ್ಲಿ ದುಡಿಯುವ ಮಡದಿ ಮಕ್ಕಳ ಶ್ರಮಕ್ಕೂ ಲೆಕ್ಕದಲ್ಲಿ ಬೆಲೆಯಿರಬೇಕು. ಇಲ್ಲದಿದ್ದರೆ ನಷ್ಟದಲ್ಲಿ ನಡೆಯುವ ಅಂಗಡಿಯೂ ಲಾಭದಲ್ಲಿದೆಯೆಂಬ ಭ್ರಮೆ ಹುಟ್ಟುತ್ತದೆ. ಈ ಅಭ್ಯಾಸದ ಅಗತ್ಯವು 2025ರ ಜುಲೈ ತಿಂಗಳಿನಲ್ಲಿ ನಮ್ಮ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ಕಹಿಯಾಗಿಯೇ ಅರಿವಾಯಿತು. ಯುಪಿಐ ಮೂಲಕ ಖಾತೆಗೆ ಬಂದ ಮೊತ್ತವನ್ನು ಆಧಾರವಾಗಿಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆಯು ಅವರಿಗೆ ನೋಟೀಸುಗಳನ್ನು ಕಳುಹಿಸಿತು. ಸರಕಿನ ವ್ಯಾಪಾರದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿಗಳ ವಹಿವಾಟನ್ನು ಮೀರಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ನಿಯಮ. ಬಂದ ಹಣದಲ್ಲಿ ತೆರಿಗೆಯಿಲ್ಲದ ಹಾಲು ತರಕಾರಿಗಳದ್ದೂ ಇದೆ, ಬಂಧುಗಳಿಂದ ತಂದ ಕೈಸಾಲವೂ ಇದೆ ಎಂದು ವ್ಯಾಪಾರಿಗಳು ಹೇಳಿಕೊಂಡರು. ಅವರ ಮಾತು ನಿಜವಿದ್ದಿರಬಹುದು. ಆದರೆ ಎರಡೂ ಒಂದೇ ಖಾತೆಯಲ್ಲಿ ಬೆರೆತು, ಬರೆದಿಟ್ಟ ಪುಸ್ತಕವೂ ಇಲ್ಲದಿದ್ದರೆ ನಿಜವನ್ನು ನಿಜವೆಂದು ತೋರಿಸುವುದೇ ಕಷ್ಟವಾಗುತ್ತದೆ.

ಮೂರನೆಯದು ಉದ್ರಿಯ ವಿಷಯ. ಇದು ದಾಕ್ಷಿಣ್ಯದ ಕ್ಷೇತ್ರವಾದುದರಿಂದ ಒಳ್ಳೆಯವರೇ ಇಲ್ಲಿ ಹೆಚ್ಚಾಗಿ ಎಡವುತ್ತಾರೆ. ಪರಿಚಿತರಿಗೆ ಇಲ್ಲವೆನ್ನಲಾರದೆ ಕೊಡುವುದು, ಕೊಟ್ಟುದನ್ನು ಬರೆಯದಿರುವುದು, ಬರೆದರೂ ಕೇಳಲು ನಾಚುವುದು, ಕೊನೆಗೆ ಒಳಗೊಳಗೇ ದ್ವೇಷ ಬೆಳೆಸಿಕೊಳ್ಳುವುದು, ಇದು ಅನೇಕರ ಅನುಭವ. ಇದರಿಂದ ಹಣವೂ ಹೋಗುತ್ತದೆ, ಸ್ನೇಹವೂ ಹೋಗುತ್ತದೆ. ದಾನವನ್ನು ದಾನವೆಂದು ಕೊಡಬೇಕು. ಸಾಲವನ್ನು ಸಾಲವೆಂದು ಕೊಡಬೇಕು. ಬಡವನೊಬ್ಬನು ಬಂದು ಬೇಡಿದಾಗ ಎರಡು ಸೇರು ಅಕ್ಕಿಯನ್ನು ಕೊಟ್ಟು, ತನ್ನ ಸಂಬಳದ ಪಾಲಿನಿಂದ ಖರ್ಚು ಬರೆದು ಮರೆತುಬಿಡುವುದು ಪುಣ್ಯ. ಅದನ್ನೇ ಉದ್ರಿಯೆಂದು ಕೊಟ್ಟು, ಬರಲಾರದೆಂದು ತಿಳಿದೂ ಮನಸ್ಸಿನಲ್ಲಿ ಹೊತ್ತಿರುವುದು ದಾನವೂ ಅಲ್ಲ, ವ್ಯಾಪಾರವೂ ಅಲ್ಲ. ಯಾರಿಗೆ ಎಷ್ಟರವರೆಗೆ, ಎಂದಿನವರೆಗೆ ಎಂಬುದನ್ನು ಮೊದಲೇ ಸೌಜನ್ಯದಿಂದ ಹೇಳಬೇಕು. ಹೇಳಿದ ದಿನ ಕೇಳುವುದರಲ್ಲಿ ಯಾವ ಅಧರ್ಮವೂ ಇಲ್ಲ. ನೋಂದಣಿ ಮಾಡಿಸಿದ ಸಣ್ಣ ಉದ್ಯಮಿಗಳು ತಯಾರಿಸಿ ಕೊಟ್ಟ ಸರಕಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಸಲ್ಲಿಸಬೇಕೆಂದು 2006ರ ಕೇಂದ್ರ ಕಾಯಿದೆಯು ಕೊಳ್ಳುವವರ ಮೇಲೆ ವಿಧಿಸಿದೆ. ತನಗೆ ಬರಬೇಕಾದುದನ್ನು ಕಾಲಕ್ಕೆ ಸರಿಯಾಗಿ ಕೇಳುವವನು ಮಾತ್ರವೇ ತಾನು ಕೊಡಬೇಕಾದುದನ್ನು ಕಾಲಕ್ಕೆ ಸರಿಯಾಗಿ ಕೊಡಬಲ್ಲನು.

ನಾಲ್ಕನೆಯದು, ಯಾರೂ ನೋಡದ ಸ್ಥಳದಲ್ಲಿಯೂ ಒಂದೇ ರೀತಿಯಾಗಿ ನಡೆಯುವುದು. ನಮ್ಮ ಕಡೆಯ ಹೋಟೆಲು ವ್ಯಾಪಾರದ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಂ 1924ರಲ್ಲಿ ಉಡುಪಿ ಸೀಮೆಯಿಂದ ಬಂದ ಮಯ್ಯ ಸೋದರರು ಆರಂಭಿಸಿದ ಸಣ್ಣ ಹೋಟೆಲಿನಿಂದ ಬೆಳೆದುದು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಗೃಹಗಳ ವ್ಯವಸ್ಥೆಯನ್ನು ನೋಡಿಬಂದು, ಪಾತ್ರೆ ಲೋಟಗಳ ಶುಚಿತ್ವದಲ್ಲಿ ಹೊಸ ಕಟ್ಟುನಿಟ್ಟನ್ನು ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಅಲ್ಲಿಯೇ ರವೆಯಿಂದ ಇಡ್ಲಿ ಮಾಡುವ ಕ್ರಮ ಬಂದಿತು. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಯನ್ನು ಬಹಳ ಕಡಿಮೆಗೆ ಕಟ್ಟಿಹಾಕಿದಾಗ ಆ ಸಂಸ್ಥೆಯು ತಿಂಡಿಗಳ ಸಿದ್ಧಹಿಟ್ಟು, ಮಸಾಲೆ ಪುಡಿಗಳನ್ನು ಪೊಟ್ಟಣದಲ್ಲಿ ಮಾರುವ ಕಡೆಗೆ ತಿರುಗಿತು. ಅಕ್ಕಿ ಸಿಗದಿದ್ದಾಗ ಹಲಗೆಯ ಮೇಲೆ ಇಡ್ಲಿಯೆಂದು ಬರೆದು ಏನನ್ನೋ ಬಡಿಸಬಹುದಿತ್ತು; ಬೆಲೆ ಇಳಿದಾಗ ಕಾಫಿಗೆ ನೀರು ಬೆರೆಸಬಹುದಿತ್ತು. ಹಾಗೆ ಮಾಡದೆ ಬೇರೆ ದಾರಿಯನ್ನು ಹುಡುಕಿದರೆಂಬುದೇ ನಾವು ಗಮನಿಸತಕ್ಕ ವಿಷಯ. ಸಂಕಟವು ಬಂದಾಗ ವಸ್ತುವಿನ ಗುಣದಲ್ಲಿ ಕಡಿತ ಮಾಡುವುದು ಸುಲಭ. ತನ್ನ ಬುದ್ಧಿಗೆ ಕೆಲಸ ಕೊಡುವುದು ಕಷ್ಟ. ನಿಂತವರು ಕಷ್ಟವಾದುದನ್ನು ಆರಿಸಿಕೊಂಡವರು.

ಐದನೆಯದು, ಕೆಲಸಗಾರರನ್ನು ಬೆಳೆಸುವುದು. ದಕ್ಷಿಣಕನ್ನಡದ ಕಡಂದಲೆಯ ಕೃಷ್ಣರಾಯರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ, ಹಿಟ್ಟು ರುಬ್ಬುವ ಕೆಲಸದಿಂದ ಮೇಲೆ ಬಂದು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದರು. ಹಳೆಯ ಉಡುಪಿ ಹೋಟೆಲುಗಳಲ್ಲಿ ಇಂಥ ಉದಾಹರಣೆಗಳು ಅಪರೂಪವಾಗಿರಲಿಲ್ಲ. ಮೇಜು ಒರೆಸಲು ಬಂದ ಹುಡುಗನು ಮಾಣಿಯಾಗಿ, ಅಡುಗೆಯವನಾಗಿ, ಗಲ್ಲಾದ ಮೇಲೆ ಕುಳಿತು, ಕೊನೆಗೆ ಬೇರೊಂದು ಊರಿನಲ್ಲಿ ತಾನೇ ಹೋಟೆಲು ತೆರೆಯುತ್ತಿದ್ದನು. ಕೆಲಸವನ್ನು ಗುಟ್ಟೆಂದು ಬಚ್ಚಿಡದೆ ಕಲಿಸಿದ ಯಜಮಾನರಿಂದ ಇದು ಸಾಧ್ಯವಾಯಿತು. ಸಂಬಳವನ್ನು ಹೇಳಿದ ತಾರೀಖಿಗೆ ಕೊಡುವುದು, ತಪ್ಪು ಮಾಡಿದಾಗ ಗಿರಾಕಿಯ ಎದುರಿಗೆ ಬೈಯದಿರುವುದು, ಅವನ ಮನೆಯ ಕಷ್ಟಸುಖವನ್ನು ವಿಚಾರಿಸುವುದು, ಇವು ಸಣ್ಣ ಮಾತುಗಳಂತೆ ಕಂಡರೂ ಅಂಗಡಿಯ ಅಸ್ತಿಭಾರಗಳು. ಕೆಲಸದವನ ಪಾಲು ಪೆಟ್ಟಿಗೆಯಲ್ಲಿದೆಯೆಂದು ಮೇಲೆ ಹೇಳಿದೆನಷ್ಟೆ. ಆ ಪಾಲು ಹಣದ ರೂಪದಲ್ಲಿ ಮಾತ್ರವಿರುವುದಿಲ್ಲ.

ಆರನೆಯದು, ಆಪತ್ಕಾಲಕ್ಕೆಂದು ತೆಗೆದಿಡುವುದು. ಮೂರು ತಿಂಗಳ ಬಾಡಿಗೆ, ಸಂಬಳ, ಬಾಕಿಗಳಿಗೆ ಸಾಲುವಷ್ಟು ಹಣವನ್ನು ಮುಟ್ಟದೆ ಇಟ್ಟಿರಬೇಕೆಂಬುದು ಅನುಭವಿಗಳ ಮಾತು. ದಿನದ ಉಳಿತಾಯವು 700 ರೂಪಾಯಿಯಾದರೆ ಅದರಲ್ಲಿ 100 ರೂಪಾಯಿಯನ್ನು ಮೊದಲೇ ತೆಗೆದಿಟ್ಟು ಮಿಕ್ಕ 600ರಲ್ಲಿ ಸಂಸಾರ ನಡೆಸುವ ಅಭ್ಯಾಸವಿಲ್ಲದೆ ಇದು ಎಂದಿಗೂ ಕೂಡಿಬರದು.

ಇಷ್ಟನ್ನು ಓದಿದ ಬುದ್ಧಿವಂತರು ಎರಡು ಆಕ್ಷೇಪಗಳನ್ನು ಎತ್ತಬಹುದು. ಯಶಸ್ಸು ಬರುವುದೆಂದು ಪ್ರಾಮಾಣಿಕನಾಗಿರುವುದು ಧರ್ಮವೆ, ಅಥವಾ ಅದೂ ಒಂದು ಬಗೆಯ ವ್ಯಾಪಾರವೆ ಎಂಬುದು ಮೊದಲನೆಯದು. ಈ ಅಭ್ಯಾಸಗಳೆಲ್ಲ ಇದ್ದೂ ಅಂಗಡಿ ಮುಚ್ಚಿದರೆ ಅವುಗಳಿಂದ ಪ್ರಯೋಜನವೇನು ಎಂಬುದು ಎರಡನೆಯದು. ಎರಡಕ್ಕೂ ಉತ್ತರವನ್ನು ನಾನು ಪುಸ್ತಕದಿಂದ ಹೇಳುವುದಿಲ್ಲ. ಕಣ್ಣಾರೆ ಕಂಡ ಇನ್ನೊಬ್ಬರ ವೃತ್ತಾಂತದಿಂದ ಹೇಳುತ್ತೇನೆ.

ನಮ್ಮ ಊರಿನ ಕಾಲೇಜಿನ ಹತ್ತಿರ ಒಂದು ಸಣ್ಣ ಫಲಾಹಾರಮಂದಿರವಿತ್ತು. ಅದರ ಯಜಮಾನರು ಮೇಲೆ ಹೇಳಿದ ಅಭ್ಯಾಸಗಳೆಲ್ಲವನ್ನೂ ಇಟ್ಟುಕೊಂಡವರು. ಅವರ ಕಿರ್ದಿಯಲ್ಲಿ ಒಂದು ದಿನವೂ ಬಿಟ್ಟುಹೋದುದಿಲ್ಲ. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನಿಗೆ ಒಳಗಾಯಿತು. ಕಾಲೇಜು ಮುಚ್ಚಿತು, ಹುಡುಗರಿಲ್ಲದೆ ಗಿರಾಕಿಗಳಿಲ್ಲ. ಆಪತ್ಕಾಲಕ್ಕೆಂದು ಕೂಡಿಟ್ಟ ಹಣದಿಂದ ಅವರು ಐದು ತಿಂಗಳು ನಾಲ್ವರು ಕೆಲಸಗಾರರಿಗೆ ಅರ್ಧ ಸಂಬಳವನ್ನು ಕೊಟ್ಟರು. ಇನ್ನು ಸಾಗದೆಂದು ಕಂಡಾಗ ಲೆಕ್ಕವನ್ನು ಮುಂದಿಟ್ಟುಕೊಂಡು ಕುಳಿತು, ಹಾಲಿನವನಿಗೆ ಇಷ್ಟು, ದಿನಸಿಯವನಿಗೆ ಇಷ್ಟು, ಗ್ಯಾಸಿನವನಿಗೆ ಇಷ್ಟು ಎಂದು ಪಟ್ಟಿಮಾಡಿ, ರುಬ್ಬುವ ಯಂತ್ರ, ಮೇಜು ಕುರ್ಚಿಗಳನ್ನು ಮಾರಿ ಎಲ್ಲರ ಬಾಕಿಯನ್ನೂ ತೀರಿಸಿದರು. ಅಂಗಡಿ ಮುಚ್ಚಿತು. ಲೋಕದ ದೃಷ್ಟಿಯಲ್ಲಿ ಇದೂ ಸೋಲೇ. ನಮ್ಮ ಬೀದಿಯ ಕಿರಾಣಿಯವರ ಅಂಗಡಿಯೂ ಮುಚ್ಚಿತು, ಇವರ ಹೋಟೆಲೂ ಮುಚ್ಚಿತು. ಹೊರಗಿನಿಂದ ನೋಡುವವರಿಗೆ ಎರಡು ಬೀಗಗಳಿಗೂ ವ್ಯತ್ಯಾಸವಿಲ್ಲ.

ಒಳಗೆ ವ್ಯತ್ಯಾಸವಿದ್ದಿತು. ಒಬ್ಬರು ಏಕೆ ಹೀಗಾಯಿತೆಂದು ತಿಳಿಯದೆ ನಮ್ಮ ಜಗಲಿಯಲ್ಲಿ ಕುಳಿತು ಅತ್ತರು. ಇನ್ನೊಬ್ಬರಿಗೆ ಕಾರಣವೂ ತಿಳಿದಿತ್ತು, ತಾವು ಯಾರಿಗೂ ಋಣಿಗಳಲ್ಲವೆಂಬುದೂ ತಿಳಿದಿತ್ತು. 2022ರಲ್ಲಿ ಅವರು ಮನೆಯಲ್ಲಿಯೇ ಚಟ್ನಿಪುಡಿ, ಮೆಂತ್ಯದಹಿಟ್ಟು, ಹಪ್ಪಳಗಳನ್ನು ಮಾಡಿ ಮಾರಲು ಆರಂಭಿಸಿದರು. ಹಳೆಯ ದಿನಸಿ ವ್ಯಾಪಾರಿಯು ಮುಂಗಡವನ್ನು ಕೇಳದೆ ಬೇಳೆಯ ಮೂಟೆಗಳನ್ನು ಮನೆಗೆ ಕಳುಹಿಸಿ, "ರಾಯರೆ, ಹಣದ ಮಾತು ಆಮೇಲೆ. ನಿಮ್ಮ ಲೆಕ್ಕ ನನಗೆ ಗೊತ್ತು" ಎಂದನು. ಅವರದು ಇಂದಿಗೂ ಸಣ್ಣ ವ್ಯಾಪಾರವೇ. ಹೋಟೆಲಿನ ಕಾಲದ ಆದಾಯವು ಮತ್ತೆ ಬಂದಿಲ್ಲ. ಇದನ್ನು ದೊಡ್ಡ ಯಶಸ್ಸೆಂದು ವರ್ಣಿಸಿ ನಾನು ಓದುಗರನ್ನು ಮೋಸಗೊಳಿಸಲಾರೆನು. ಆದರೆ ಅವರಿಗೆ ರಾತ್ರಿ ನಿದ್ರೆ ಬರುತ್ತದೆ. ಬೀದಿಯಲ್ಲಿ ಯಾರನ್ನು ಕಂಡರೂ ದಾರಿ ಬದಲಿಸುವ ಪ್ರಸಂಗವಿಲ್ಲ.

ಇದರಿಂದ ನನಗೆ ತೋರುವುದಿಷ್ಟು. ಕರ್ಮಗಳಲ್ಲಿ ನಿತ್ಯವೆಂದೂ ಕಾಮ್ಯವೆಂದೂ ಭೇದವಿದೆ. ಕಾಮ್ಯವು ಫಲವನ್ನು ಬಯಸಿ ಮಾಡತಕ್ಕದ್ದು. ನಿತ್ಯವು ಫಲವಿರಲಿ ಇಲ್ಲದಿರಲಿ ಮಾಡಲೇಬೇಕಾದದ್ದು, ಬಿಟ್ಟರೆ ದೋಷ. ಒಳ್ಳೆಯ ಅಭ್ಯಾಸಗಳನ್ನು ಯಶಸ್ಸಿಗಾಗಿ ಕಾಮ್ಯವೆಂದು ಹಿಡಿದವನು, ಒಂದು ವರ್ಷ ನಷ್ಟ ಬಂದೊಡನೆ ಅವುಗಳನ್ನು ಕೈಬಿಡುತ್ತಾನೆ. ಲೆಕ್ಕ ಬರೆದು ಏನು ಬಂತು, ಸರಿಯಾಗಿ ತೂಗಿ ಏನು ಬಂತು ಎನ್ನುತ್ತಾನೆ. ನಿತ್ಯವೆಂದು ಹಿಡಿದವನು ಲಾಭದ ವರ್ಷದಲ್ಲಿಯೂ ನಷ್ಟದ ವರ್ಷದಲ್ಲಿಯೂ ಒಂದೇ ಪುಸ್ತಕವನ್ನು ಬರೆಯುತ್ತಾನೆ. ಸಾಮಾನ್ಯವಾಗಿ ಇಂಥವನ ವ್ಯಾಪಾರವೇ ನಿಲ್ಲುತ್ತದೆ ಎಂಬುದು ಲೋಕಾನುಭವ. ನಿಲ್ಲದೆ ಹೋದರೂ ಅವನು ನಿಂತಿರುತ್ತಾನೆ. ಫಲವನ್ನು ಕೊಡುವ ಸ್ವಾತಂತ್ರ್ಯವು ನಮ್ಮದಲ್ಲ. ಆದರೆ ರಾತ್ರಿ ಆ ನಾಲ್ಕು ಅಂಕಿಗಳನ್ನು ಬರೆಯುವ ಕೆಲಸವು ನಮ್ಮದೇ. ಅದನ್ನು ಬೇರೆ ಯಾರೂ ಬಂದು ಮಾಡಿಕೊಡುವುದಿಲ್ಲ.

ಕಿರಾಣಿಯವರು ಬಂದುಹೋದ ಮರುವರ್ಷದಿಂದ ನಮ್ಮ ತೀರ್ಥರೂಪರು ದೀಪಾವಳಿಯ ಪೂಜೆಯಲ್ಲಿ ಒಂದು ಕ್ರಮವನ್ನು ಸೇರಿಸಿಕೊಂಡರು. ಮಂಗಳಾರತಿಯಾದ ಮೇಲೆ ಯಜಮಾನರ ಕೈಗೆ ಲೇಖನಿಯನ್ನು ಕೊಟ್ಟು, "ಇಂದಿನ ಜಮಾ ಖರ್ಚನ್ನು ಶ್ರೀಕಾರದ ಕೆಳಗೆ ಬರೆಯಿರಿ. ಆಮೇಲೆ ಪ್ರಸಾದ ಕೊಡುತ್ತೇನೆ" ಎನ್ನುತ್ತಿದ್ದರು. ಹಳೆಯ ಪುಸ್ತಕದ ಕೊನೆಯ ಪುಟವು ತುಂಬಿದೆಯೆ ಎಂದೂ ಕೇಳುತ್ತಿದ್ದರು. ಕೆಲವರು ನಕ್ಕು ಬರೆದರು. ಕೆಲವರಿಗೆ ಸಂಕೋಚವಾಯಿತು. ಇಬ್ಬರು ವ್ಯಾಪಾರಿಗಳು ಇದನ್ನು ಅಧಿಕಪ್ರಸಂಗವೆಂದು ಭಾವಿಸಿ ಮುಂದಿನ ವರ್ಷ ಬೇರೆ ಪುರೋಹಿತರನ್ನು ಕರೆದರು. ನಮ್ಮ ಮನೆಯಲ್ಲಿ ಆ ದಕ್ಷಿಣೆಗಳು ಸಣ್ಣವಾಗಿರಲಿಲ್ಲ. ಆದರೂ ತೀರ್ಥರೂಪರು ಆ ಕ್ರಮವನ್ನು ಬಿಡಲಿಲ್ಲ. ಈಗ ಅವರ ವಯಸ್ಸಿನ ಕಾರಣದಿಂದ ಚೀಲವು ನನ್ನ ಹೆಗಲಿಗೆ ಬಂದಿದೆ. ಆ ಕ್ರಮವನ್ನು ನಾನೂ ಬಿಟ್ಟಿಲ್ಲ. ಪುಸ್ತಕದ ಬದಲು ಮೊಬೈಲಿನಲ್ಲಿ ಲೆಕ್ಕವಿಡುವ ತರುಣರೂ ಈಗ ಇದ್ದಾರೆ. ಅವರು ಮೊಬೈಲಿಗೇ ಕುಂಕುಮ ಹಚ್ಚಿಸುತ್ತಾರೆ. ಅದಕ್ಕೇನೂ ಅಡ್ಡಿಯಿಲ್ಲ, ಅದರಲ್ಲಿಯೂ ಅಂದಿನ ಲೆಕ್ಕವನ್ನು ನನ್ನ ಎದುರಿಗೇ ಬರೆಯಿಸುತ್ತೇನೆ.

ಸಜ್ಜನರೆ, ನಿಮ್ಮಲ್ಲಿ ಅನೇಕರು ಅಂಗಡಿ, ಹೋಟೆಲು, ಮುದ್ರಣಾಲಯ, ಬಟ್ಟೆಯ ಮಳಿಗೆಗಳನ್ನು ನಡೆಸುವವರಿರಬಹುದು. ಬರುವ ದೀಪಾವಳಿಗೆ ಹೊಸ ಪುಸ್ತಕವನ್ನು ತರುವ ಮುನ್ನ ಹಳೆಯದನ್ನು ಒಮ್ಮೆ ತೆರೆದು ನೋಡಿರಿ. ಶ್ರೀಕಾರದ ಮುಂದಿನ ಪುಟಗಳು ಬರಿದಾಗಿದ್ದರೆ ದೀಪಾವಳಿಯವರೆಗೆ ಕಾಯಬೇಡಿರಿ. ಇಂದು ರಾತ್ರಿಯೇ ಬಾಗಿಲು ಹಾಕುವ ಮುನ್ನ ಆ ನಾಲ್ಕು ಅಂಕಿಗಳನ್ನು ಬರೆಯಿರಿ. ನಮ್ಮ ಬೀದಿಯ ಆ ಸಜ್ಜನರಿಗೆ ಹೇಳಬೇಕಾದ ಕಾಲದಲ್ಲಿ ನಾವು ಹೇಳಲಿಲ್ಲ. ನಿಮಗಾದರೂ ಹೇಳಿದ್ದೇವೆಂಬ ಸಮಾಧಾನವು ನಮ್ಮ ತೀರ್ಥರೂಪರಿಗೂ ನನಗೂ ಉಳಿಯಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥